ಸ್ಥಳ ಸಡಿಲವಾಗಲಿ, ಅಧಿಕಾರ ಸಡಿಲವಾಗದಿರಲಿ

ಮನೆಯಿಂದ ಕೆಲಸ ಮಾಡುವುದು, ಕೆಲಸದ ವೇಳೆಯನ್ನು ಅನುಕೂಲಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವುದು ಇವೆಲ್ಲ ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಕಂಪನಿಗಳಿಗೆ ಸಂಬಂಧಿಸಿದ ಸಂಗತಿಗಳು ಎಂಬ ಭಾವನೆ ವರ್ತಕರಲ್ಲಿಯೂ ಸಣ್ಣ ಉದ್ದಿಮೆದಾರರಲ್ಲಿಯೂ ಬೇರೂರಿದೆ. ಅಂಗಡಿಯ ಬಾಗಿಲು ತೆರೆಯದೆ ವ್ಯಾಪಾರವಿಲ್ಲ, ಯಂತ್ರದ ಮುಂದೆ ಕಾರ್ಮಿಕ ನಿಲ್ಲದೆ ಉತ್ಪಾದನೆಯಿಲ್ಲ ಎಂಬ ಮಾತು ಒಂದು ಮಟ್ಟಿಗೆ ನಿಜವೂ ಹೌದು. ಆದರೆ ಅದೇ ಅಂಗಡಿಯ, ಅದೇ ಕಾರ್ಖಾನೆಯ ಕಚೇರಿಯ ಕಡೆಗೆ ಕಣ್ಣು ಹಾಯಿಸಿದರೆ ಚಿತ್ರವೇ ಬೇರೆ. ಮೂರು ಅಂಗಡಿಗಳ ಲೆಕ್ಕ ಬರೆಯುವ ಅಕೌಂಟೆಂಟ್ ಒಂದೊಂದು ಕಡೆ ವಾರಕ್ಕೆ ಎರಡು ದಿನ ಮಾತ್ರ ಬಂದು, ಉಳಿದ ಕೆಲಸವನ್ನು ಮನೆಯ ಕಂಪ್ಯೂಟರಿನಲ್ಲಿ ಮುಗಿಸುತ್ತಾರೆ. ರಾತ್ರಿ ಹತ್ತು ಗಂಟೆಗೆ ಲಾರಿ ಹೊರಡುವಾಗ ಇ-ವೇ ಬಿಲ್ಲು ಯಾರದೋ ಮನೆಯಿಂದಲೇ ತಯಾರಾಗಿ ಚಾಲಕನ ವಾಟ್ಸ್‌ಆ್ಯಪಿಗೆ ಬರುತ್ತದೆ. ಹೆರಿಗೆಯ ನಂತರ ದೂರದಿಂದ ದಿನವೂ ಓಡಾಡಲಾಗದ ಸಿಬ್ಬಂದಿಯನ್ನು ಕಳೆದುಕೊಳ್ಳಲು ಇಷ್ಟವಿಲ್ಲದ ಮಾಲೀಕರು ಅರ್ಧ ದಿನದ ಕೆಲಸಕ್ಕೆ ಒಪ್ಪಿಕೊಂಡಿರುತ್ತಾರೆ. ಬಿಡಿಭಾಗಗಳ ನಕ್ಷೆ ಬಿಡಿಸುವವರು ಕಾರ್ಖಾನೆಗೆ ಬರುವುದು ಅಳತೆ ತಾಳೆ ನೋಡುವ ದಿನ ಮಾತ್ರ.

ಈ ಏರ್ಪಾಡುಗಳನ್ನು ಯಾರೂ ಆಡಳಿತ ಮಂಡಳಿಯ ಸಭೆಯಲ್ಲಿ ನಿರ್ಣಯಿಸಿ ಜಾರಿಗೆ ತಂದಿಲ್ಲ. ಅನುಕೂಲದಿಂದ ಆರಂಭವಾಗಿ ರೂಢಿಯಾಗಿ ನಿಂತಿವೆ. ದೊಡ್ಡ ಕಂಪನಿಗಳು ನಿಯಮಾವಳಿ ರಚಿಸಿ, ತಜ್ಞರನ್ನು ನೇಮಿಸಿ ನಡೆಸುವ ಪದ್ಧತಿಯನ್ನು ಸಣ್ಣ ಉದ್ದಿಮೆ ಹೆಸರಿಲ್ಲದೆ, ಬರಹವಿಲ್ಲದೆ ನಡೆಸುತ್ತಿದೆ. ಆದ್ದರಿಂದ ನಮ್ಯ ಕೆಲಸದ ಪದ್ಧತಿ ಬೇಕೇ ಬೇಡವೇ ಎಂಬ ಚರ್ಚೆಗೆ ಈಗ ಅರ್ಥವಿಲ್ಲ. ಅದು ಸಂಸ್ಥೆಯ ಭದ್ರತೆಗೆ ಏನು ಮಾಡುತ್ತಿದೆ, ವ್ಯವಹಾರದ ನಿರಂತರತೆಯನ್ನು ಬಲಪಡಿಸುತ್ತಿದೆಯೇ ಅಥವಾ ಒಳಗಿಂದೊಳಗೇ ಟೊಳ್ಳು ಮಾಡುತ್ತಿದೆಯೇ ಎಂಬುದು ವಿಚಾರಿಸಬೇಕಾದ ಪ್ರಶ್ನೆ. ಅಪಾಯ ಇರುವುದು ಸಿಬ್ಬಂದಿ ಎಲ್ಲಿ ಕುಳಿತಿದ್ದಾರೆ ಎಂಬುದರಲ್ಲಲ್ಲ. ಅಧಿಕಾರ, ಪಾಸ್‌ವರ್ಡ್ ಮತ್ತು ತಿಳಿವಳಿಕೆ ಯಾರ ವಶದಲ್ಲಿವೆ ಎಂಬುದು ಬರಹದಲ್ಲಿ ಇಲ್ಲದಿರುವುದರಲ್ಲಿ.

2020ರ ಮಾರ್ಚ್ ಕಲಿಸಿದ ಪಾಠ

ಎಲ್ಲರೂ ಕಚೇರಿಗೇ ಬಂದು ಕೆಲಸ ಮಾಡಿದರೆ ಭದ್ರತೆಯ ಚಿಂತೆಯೇ ಇಲ್ಲ ಎಂದು ವಾದಿಸುವವರು 2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಆ ತಿಂಗಳ 24ರ ರಾತ್ರಿ ಘೋಷಣೆಯಾದ 21 ದಿನಗಳ ಲಾಕ್‌ಡೌನ್ 25ರಿಂದ ಜಾರಿಗೆ ಬಂತು. ಆರ್ಥಿಕ ವರ್ಷ ಮುಗಿಯಲು ಉಳಿದಿದ್ದದ್ದು ಒಂದೇ ವಾರ. ಟ್ಯಾಲಿಯ ದತ್ತಾಂಶ ಅಂಗಡಿಯ ಕಂಪ್ಯೂಟರಿನಲ್ಲಿ, ಚೆಕ್ ಪುಸ್ತಕ ಗಲ್ಲೆಯಲ್ಲಿ, ಡಿಜಿಟಲ್ ಸಹಿಯ ಟೋಕನ್ ಮೇಜಿನ ಖಾನೆಯಲ್ಲಿ, ಖಾನೆಯ ಕೀಲಿ ಇನ್ನೊಬ್ಬರ ಜೇಬಿನಲ್ಲಿ ಉಳಿದುಹೋದ ಸಂಸ್ಥೆಗಳಿಗೆ ಲೆಕ್ಕವಿಲ್ಲ.

ಈ ತೊಡಕನ್ನು ಸರ್ಕಾರವೇ ಗುರುತಿಸಬೇಕಾಯಿತು. ಕಂಪನಿಗಳು ಜಿಎಸ್‌ಟಿ ರಿಟರ್ನುಗಳನ್ನು ಡಿಜಿಟಲ್ ಸಹಿಯಿಂದಲೇ ದೃಢೀಕರಿಸಬೇಕೆಂಬ ನಿಯಮವಿದ್ದರೂ, 2020ರ ಮೇ 5ರ ಅಧಿಸೂಚನೆಯ ಮೂಲಕ ಏಪ್ರಿಲ್ 21ರಿಂದ ಜೂನ್ 30ರವರೆಗೆ ಜಿಎಸ್‌ಟಿಆರ್-3ಬಿ ರಿಟರ್ನನ್ನು ಮೊಬೈಲಿಗೆ ಬರುವ ಸಂಕೇತದ ಮೂಲಕ ದೃಢೀಕರಿಸಲು ಅವಕಾಶ ನೀಡಲಾಯಿತು. ಮುಂದೆ ಆ ಅವಧಿಯನ್ನು ವಿಸ್ತರಿಸಲಾಯಿತು. ಕೈಬೆರಳಿನಷ್ಟು ಉದ್ದದ ಒಂದು ಟೋಕನ್ ಬೀಗ ಹಾಕಿದ ಕಚೇರಿಯಲ್ಲಿ ಸಿಕ್ಕಿಕೊಂಡರೆ ಇಡೀ ಸಂಸ್ಥೆಯ ಕಾನೂನುಬದ್ಧ ಧ್ವನಿಯೇ ಅಡಗಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಮಹಾಮಾರಿ ನೂರು ವರ್ಷಕ್ಕೊಮ್ಮೆ ಬರಬಹುದು. ಕಚೇರಿಯನ್ನು ತಲುಪಲಾಗದ ದಿನಗಳು ಮಾತ್ರ ಅಷ್ಟು ಅಪರೂಪವಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಹರಿದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಅನೇಕ ಊರುಗಳು ನೀರಿನಲ್ಲಿ ನಿಂತವು. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಹೊರವರ್ತುಲ ರಸ್ತೆಯ ಭಾಗಗಳು ಜಲಾವೃತವಾದಾಗ ಅಲ್ಲಿಯ ಅನೇಕ ಕಂಪನಿಗಳು ಸಿಬ್ಬಂದಿಗೆ ಮನೆಯಿಂದಲೇ ಕೆಲಸ ಮಾಡಲು ಸೂಚಿಸಿದವು. 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ದರ ಕುಸಿದ ಆಕ್ರೋಶದಲ್ಲಿ ಗುಂಪೊಂದು ಬ್ಯಾಡಗಿಯ ಎಪಿಎಂಸಿ ಕಚೇರಿಯ ಮೇಲೆ ದಾಳಿ ನಡೆಸಿ ವಾಹನಗಳಿಗೆ ಬೆಂಕಿ ಹಚ್ಚಿತು. ನೀರು, ಬೆಂಕಿ, ಗಲಭೆಗಳಿಗೆ ನಾಲ್ಕು ಗೋಡೆಗಳ ಕಚೇರಿ ಹೊರತಲ್ಲ. ಎಲ್ಲವೂ ಒಂದೇ ಸ್ಥಳದಲ್ಲಿದ್ದರೆ ಎಲ್ಲವೂ ಒಂದೇ ದಿನ ಹೋಗಬಹುದು.

ಆದುದರಿಂದ ನಮ್ಯ ಪದ್ಧತಿ ನಿರಂತರತೆಯ ಶತ್ರುವಲ್ಲ. ಎರಡನೆಯ ಸ್ಥಳದಿಂದ ಕೆಲಸ ಮಾಡುವ ಅಭ್ಯಾಸ ಇರುವ ಸಂಸ್ಥೆ, ಮೊದಲನೆಯ ಸ್ಥಳ ಕೈತಪ್ಪಿದಾಗ ನಿಲ್ಲುವುದಿಲ್ಲ. ಈ ಲಾಭವನ್ನು ಒಪ್ಪಿಕೊಂಡ ಮೇಲೆಯೇ ಅಪಾಯದ ಮಾತನ್ನು ಆಡುವುದು ನ್ಯಾಯ.

ಒಂದೇ ಕೈಯಲ್ಲಿ ಎಲ್ಲ ಕೀಲಿಗಳು

ಸುಮಾರು ಹದಿನೈದು ಜನ ದುಡಿಯುವ ಒಂದು ಬಿಡಿಭಾಗ ತಯಾರಿಕೆಯ ಘಟಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಲೆಕ್ಕಪತ್ರವನ್ನೆಲ್ಲ ನೋಡಿಕೊಳ್ಳುವವರು ಹನ್ನೆರಡು ವರ್ಷಗಳಿಂದ ಇರುವ ಒಬ್ಬ ಅಕೌಂಟೆಂಟ್. ಪ್ರಾಮಾಣಿಕರು, ಚುರುಕಾದವರು. ಕುಟುಂಬದ ಕಾರಣಕ್ಕೆ ವಾರದಲ್ಲಿ ನಾಲ್ಕು ದಿನ ಮನೆಯಿಂದ ಕೆಲಸ ಮಾಡುತ್ತಾರೆ. ಜಿಎಸ್‌ಟಿ ನೋಂದಣಿಯಲ್ಲಿ ಇರುವ ಮೊಬೈಲ್ ಸಂಖ್ಯೆ ಅವರದು. ಮಾಲೀಕರು ಸದಾ ಓಡಾಟದಲ್ಲಿ ಇರುವುದರಿಂದ ಹಾಗೆ ಮಾಡಿದ್ದು. ಸಂಸ್ಥೆಯ ಇ-ಮೇಲ್ ವಿಳಾಸವನ್ನು ತೆರೆದವರೂ ಅವರೇ. ಡಿಜಿಟಲ್ ಸಹಿಯ ಟೋಕನ್ ಅವರ ಕೈಚೀಲದಲ್ಲಿ, ಅದರ ಪಿನ್ ಅವರ ನೆನಪಿನಲ್ಲಿ ಇದೆ. ಯಾವ ಗ್ರಾಹಕರಿಗೆ ಎಷ್ಟು ದಿನದ ಉದ್ದರಿ, ಯಾರಿಗೆ ಯಾವ ದರ ಎಂಬುದೂ ಅವರಿಗೇ ಗೊತ್ತು.

ಒಂದು ತಿಂಗಳ 18ನೆಯ ತಾರೀಖು ಅವರು ಅಪಘಾತಕ್ಕೀಡಾಗಿ ಆಸ್ಪತ್ರೆ ಸೇರುತ್ತಾರೆ. ಫೋನು ಪುಡಿಯಾಗಿದೆ ಎಂದಿಟ್ಟುಕೊಳ್ಳಬಹುದು. ಅಂದು ಸಂಜೆ ಪುಣೆಗೆ ಹೋಗಬೇಕಾದ ಸರಕು ಲಾರಿಯಲ್ಲಿ ತುಂಬಿ ನಿಂತಿದೆ. ಇ-ವೇ ಬಿಲ್ ವ್ಯವಸ್ಥೆಯಲ್ಲಿ ಎರಡು ಹಂತದ ದೃಢೀಕರಣವು ದೊಡ್ಡ ತೆರಿಗೆದಾರರಿಂದ ಆರಂಭವಾಗಿ 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಕಡ್ಡಾಯವಾಗಿದೆ. ಪಾಸ್‌ವರ್ಡ್ ಗೊತ್ತಿದ್ದರೂ ಒಟಿಪಿ ಬರುವ ಫೋನು ಇಲ್ಲದೆ ಒಳಗೆ ಪ್ರವೇಶವಿಲ್ಲ. ಬಿಲ್ಲಿಲ್ಲದೆ ಲಾರಿಯನ್ನು ಕಳುಹಿಸಿ ದಾರಿಯಲ್ಲಿ ತಡೆಹಿಡಿದರೆ, 2022ರ ಜನವರಿ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಮಾಲೀಕರು ಮುಂದೆ ಬಂದರೂ ತೆರಿಗೆಯ ಶೇಕಡಾ 200ರಷ್ಟು ದಂಡ ತೆತ್ತು ಸರಕನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಕಳುಹಿಸದಿದ್ದರೆ ಗ್ರಾಹಕರ ಉತ್ಪಾದನಾ ಸಾಲು ನಿಲ್ಲುತ್ತದೆ. ಎರಡು ದಿನಗಳಲ್ಲಿ, 20ನೆಯ ತಾರೀಖು, ಮಾಸಿಕ ರಿಟರ್ನಿನ ಗಡುವೂ ಬರುತ್ತದೆ.

ಇಲ್ಲಿ ಕಳ್ಳತನವಾಗಿಲ್ಲ, ವಂಚನೆಯಾಗಿಲ್ಲ. ಆ ಅಕೌಂಟೆಂಟ್ ದಿನವೂ ಕಚೇರಿಗೆ ಬರುತ್ತಿದ್ದರೂ ಇದೇ ಗತಿ. ಮನೆಯಿಂದ ಕೆಲಸ ಮಾಡುವ ಪದ್ಧತಿ ಹೊಸ ದೋಷವನ್ನು ಹುಟ್ಟಿಸಲಿಲ್ಲ. ಒಬ್ಬರೇ ವ್ಯಕ್ತಿಯ ಮೇಲೆ ಸಂಸ್ಥೆ ನಿಂತಿದೆ ಎಂಬ ಹಳೆಯ ದೋಷವನ್ನು ಗೋಡೆಯ ಹೊರಗೆ ಸಾಗಿಸಿತು. ಎದುರಿಗಿದ್ದಾಗ ಮಾಲೀಕರು ನೋಡಿ ಅರಿಯುತ್ತಿದ್ದ ಅಲ್ಪಸ್ವಲ್ಪವೂ ಕಣ್ಮರೆಯಾಯಿತು. ಪರಿಹಾರ ಮಾತ್ರ ಕಷ್ಟದ್ದಲ್ಲ. ಇ-ವೇ ಬಿಲ್ ವ್ಯವಸ್ಥೆಯಲ್ಲಿ ಉಪಬಳಕೆದಾರರನ್ನು ಸೃಷ್ಟಿಸಿ ಪ್ರತಿಯೊಬ್ಬರಿಗೂ ಅವರವರ ಮೊಬೈಲ್ ಸಂಖ್ಯೆಯನ್ನು ಜೋಡಿಸಲು ಅವಕಾಶವಿದೆ. ಇದಕ್ಕೆ ಶುಲ್ಕವಿಲ್ಲ. ಆದರೂ ಒಂದೇ ಹೆಸರು, ಒಂದೇ ಪಾಸ್‌ವರ್ಡನ್ನು ನಾಲ್ವರು ಹಂಚಿಕೊಂಡು, ಒಟಿಪಿಗಾಗಿ ಐದನೆಯವರಿಗೆ ಫೋನು ಮಾಡುವ ರೂಢಿ ಮುಂದುವರಿದಿದೆ.

ಒಟಿಪಿಯನ್ನು ಫೋನಿನಲ್ಲಿ ಹೇಳುವ ಈ ರೂಢಿಯೇ ಎರಡನೆಯ ಅಪಾಯದ ಮೂಲ. ಬ್ಯಾಂಕ್ ಪಾವತಿಗಾಗಿ ದಿನಕ್ಕೆ ನಾಲ್ಕು ಸಲ ಒಟಿಪಿ ಹೇಳಿ ಅಭ್ಯಾಸವಾದ ಮಾಲೀಕರಿಗೆ ಐದನೆಯ ಕರೆ ವಂಚಕನದು ಎಂದು ಅನುಮಾನ ಬರುವುದು ಕಷ್ಟ. ಅನಧಿಕೃತ ವಿದ್ಯುನ್ಮಾನ ವಹಿವಾಟುಗಳ ಕುರಿತು ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಗ್ರಾಹಕರು ತಾವೇ ರಹಸ್ಯ ವಿವರಗಳನ್ನು ಹಂಚಿಕೊಂಡು ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನೆಲ್ಲ ಅವರೇ ಹೊರಬೇಕೆಂಬ ತತ್ವವನ್ನು ಸ್ಪಷ್ಟಪಡಿಸಿತ್ತು. ಡಿಜಿಟಲ್ ಸಹಿಯದೂ ಇದೇ ಕಥೆ. ಸಹಿಯ ಖಾಸಗಿ ಕೀಲಿ ತನ್ನ ಹತೋಟಿಯಲ್ಲಿಯೇ ಇರುವಂತೆ ಎಚ್ಚರ ವಹಿಸುವುದು ಸಹಿದಾರನ ಕರ್ತವ್ಯವೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೆಯ ಕಲಮು ಹೇಳುತ್ತದೆ. ಟೋಕನ್ ಮತ್ತು ಪಿನ್ ಎರಡನ್ನೂ ಒಬ್ಬರ ಕೈಗೆ ಒಪ್ಪಿಸುವುದು ಖಾಲಿ ಚೆಕ್ಕುಗಳ ಪುಸ್ತಕಕ್ಕೆ ಸಹಿ ಹಾಕಿ ಕೊಟ್ಟಂತೆ.

ಪಕ್ಕದ ಮೇಜಿನ ತಪಾಸಣೆ

ಒಂದೇ ಕೊಠಡಿಯಲ್ಲಿ ಕುಳಿತು ಕೆಲಸ ಮಾಡುವಾಗ ಯಾರೂ ನೇಮಿಸದ ಒಂದು ತಪಾಸಣೆ ತಾನಾಗಿಯೇ ನಡೆಯುತ್ತಿರುತ್ತದೆ. ಬಿಲ್ಲಿನ ಮೊತ್ತ ವಿಚಿತ್ರವಾಗಿ ಕಂಡರೆ ಪಕ್ಕದ ಮೇಜಿನವರನ್ನು ಕೇಳಲಾಗುತ್ತದೆ. ಸರಬರಾಜುದಾರರ ಹೆಸರಿನಲ್ಲಿ ವಿಚಿತ್ರ ಪತ್ರ ಬಂದರೆ ಖರೀದಿ ನೋಡುವವರು ಕತ್ತೆತ್ತಿ ನೋಡುತ್ತಾರೆ. ಸಿಬ್ಬಂದಿ ಬೇರೆ ಬೇರೆ ಸ್ಥಳಗಳಲ್ಲಿ, ಬೇರೆ ಬೇರೆ ವೇಳೆಯಲ್ಲಿ ಕುಳಿತಾಗ ಮೊದಲು ಮಾಯವಾಗುವುದು ಈ ಬರಹವಿಲ್ಲದ ತಪಾಸಣೆಯೇ.

ಇದರ ಲಾಭ ಪಡೆಯುವ ವಂಚನೆಯೊಂದು ಆಮದು-ರಫ್ತು ವ್ಯವಹಾರಸ್ಥರಿಗೆ ಚೆನ್ನಾಗಿ ಪರಿಚಿತ. ಸರಬರಾಜುದಾರರ ಅಥವಾ ಗ್ರಾಹಕರ ಇ-ಮೇಲಿನೊಳಗೆ ನುಸುಳಿದ ವಂಚಕರು ಕೆಲವು ವಾರ ಪತ್ರವ್ಯವಹಾರವನ್ನು ಓದುತ್ತ ಕುಳಿತಿರುತ್ತಾರೆ. ಪಾವತಿಯ ದಿನ ಹತ್ತಿರವಾದಾಗ ಅದೇ ಭಾಷೆಯಲ್ಲಿ, ಅದೇ ಬಿಲ್ಲಿನ ಸಂಖ್ಯೆಯೊಂದಿಗೆ, ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಪತ್ರ ಬರುತ್ತದೆ. ವಿಳಾಸದಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿರುತ್ತದೆ. ಮನೆಯಲ್ಲಿ ಕುಳಿತ ಅಕೌಂಟೆಂಟ್ ಪಾವತಿಯನ್ನು ನಮೂದಿಸುತ್ತಾರೆ, ಪ್ರಯಾಣದಲ್ಲಿರುವ ಮಾಲೀಕರು ಒಟಿಪಿ ಹೇಳುತ್ತಾರೆ. ಇಬ್ಬರೂ ಮತ್ತೊಬ್ಬರು ಪರಿಶೀಲಿಸಿದ್ದಾರೆ ಎಂದು ಭಾವಿಸಿರುತ್ತಾರೆ. ನಿಜವಾದ ಸರಬರಾಜುದಾರರು ಹಣಕ್ಕಾಗಿ ನೆನಪೋಲೆ ಕಳುಹಿಸಿದಾಗಲೇ ಸತ್ಯ ತಿಳಿಯುವುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದಂತೆ ಆಗ ಎಲ್ಲರೂ ಎಚ್ಚರಗೊಳ್ಳುತ್ತಾರೆ.

ಬಿಟ್ಟುಹೋದ ತಪಾಸಣೆಯನ್ನು ನಿಯಮವಾಗಿ ಮರಳಿ ತರುವುದೊಂದೇ ಇದಕ್ಕೆ ಮದ್ದು. ಯಾವುದೇ ಪಕ್ಷದ ಬ್ಯಾಂಕ್ ಖಾತೆ ಬದಲಾದರೆ, ಬಂದ ಪತ್ರದಲ್ಲಿರುವ ಸಂಖ್ಯೆಗಲ್ಲದೆ, ಮೊದಲಿನಿಂದ ಕಡತದಲ್ಲಿರುವ ಸಂಖ್ಯೆಗೆ ಫೋನು ಮಾಡಿ ಖಚಿತಪಡಿಸಿಕೊಳ್ಳದೆ ಪಾವತಿ ಮಾಡಬಾರದು. ಬ್ಯಾಂಕುಗಳು ವ್ಯಾಪಾರಿ ಖಾತೆಗಳಿಗೆ ಒದಗಿಸುವ ಸೌಲಭ್ಯವನ್ನು ಬಳಸಿ, ಪಾವತಿಯನ್ನು ಒಬ್ಬರು ನಮೂದಿಸಿ ಇನ್ನೊಬ್ಬರು ತಮ್ಮದೇ ಪ್ರವೇಶದಿಂದ ಅನುಮೋದಿಸುವಂತೆ ಏರ್ಪಡಿಸಿದರೆ ಒಟಿಪಿ ಹೇಳುವ ಪ್ರಸಂಗವೇ ಬರುವುದಿಲ್ಲ. ಇಷ್ಟಾಗಿಯೂ ಹಣ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮತ್ತು ಬ್ಯಾಂಕಿಗೆ ಆ ಗಂಟೆಯಲ್ಲಿಯೇ ತಿಳಿಸಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯುವ ಅವಕಾಶ ಆರಂಭದ ಕೆಲವು ಗಂಟೆಗಳಲ್ಲಿ ಮಾತ್ರ ಹೆಚ್ಚು.

ಕಾಯ್ದೆ ಈಗಾಗಲೇ ಹೇಳಿರುವುದು

ವ್ಯವಹಾರದ ನಿರಂತರತೆ ಎಂಬುದು ದೊಡ್ಡ ಕಂಪನಿಗಳ ಪರಿಭಾಷೆ ಎಂದು ತಳ್ಳಿಹಾಕುವ ವರ್ತಕರು ಜಿಎಸ್‌ಟಿ ನಿಯಮಾವಳಿಯ 56 ಮತ್ತು 57ನೆಯ ನಿಯಮಗಳನ್ನು ಒಮ್ಮೆ ಓದುವುದು ಒಳಿತು. ನೋಂದಣಿ ಪಡೆದ ಎಲ್ಲರಿಗೂ, ಏಕಮಾಲೀಕತ್ವದ ಅಂಗಡಿಗೂ, ಅವು ಅನ್ವಯಿಸುತ್ತವೆ.

ಲೆಕ್ಕಪತ್ರಗಳನ್ನು ನೋಂದಣಿ ಪತ್ರದಲ್ಲಿ ನಮೂದಿಸಿದ ವ್ಯವಹಾರ ಸ್ಥಳದಲ್ಲಿ ಇಡಬೇಕು. ವಿದ್ಯುನ್ಮಾನ ರೂಪದಲ್ಲಿಯೂ ಇಡಬಹುದು. ವಿದ್ಯುನ್ಮಾನ ದಾಖಲೆಗಳಾದರೆ, ತಿದ್ದಿದ ಅಥವಾ ಅಳಿಸಿದ ಪ್ರತಿಯೊಂದು ನಮೂದಿನ ಜಾಡು ಉಳಿದಿರಬೇಕು. ನೋಂದಣಿಯಲ್ಲಿ ಇಲ್ಲದ ಬೇರೆ ಸ್ಥಳದಲ್ಲಿ ಸಂಸ್ಥೆಗೆ ಸೇರಿದ ಪುಸ್ತಕ, ಕಾಗದಪತ್ರಗಳು ಸಿಕ್ಕರೆ, ಹಾಗಲ್ಲವೆಂದು ಸಾಬೀತಾಗುವವರೆಗೆ ಅವುಗಳನ್ನು ಆ ಸಂಸ್ಥೆಯೇ ನಿರ್ವಹಿಸುತ್ತಿದೆ ಎಂದು ಭಾವಿಸಲಾಗುತ್ತದೆ. ಅಕೌಂಟೆಂಟರ ಮನೆಯಲ್ಲಿ ಮೂರು ಅಂಗಡಿಗಳ ಕಚ್ಚಾ ಚೀಟಿಗಳು ಒಂದೇ ಚೀಲದಲ್ಲಿ ಬೆರೆತಿದ್ದರೆ ಈ ನಿಯಮದ ಭಾರ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅಪಘಾತ ಅಥವಾ ನೈಸರ್ಗಿಕ ಕಾರಣಗಳಿಂದ ದಾಖಲೆಗಳು ನಾಶವಾದರೂ ಯುಕ್ತ ಅವಧಿಯಲ್ಲಿ ಅವನ್ನು ಮರಳಿ ಪಡೆಯುವಂತೆ ಬ್ಯಾಕಪ್ ಇಟ್ಟಿರಬೇಕು. ಅಧಿಕಾರಿಗಳು ಕೇಳಿದಾಗ ಕಡತಗಳ ವಿವರ, ಅವುಗಳ ಪಾಸ್‌ವರ್ಡ್, ಬಳಸಿದ ಸಂಕೇತಗಳ ವಿವರಣೆ ಇವೆಲ್ಲವನ್ನು ಒದಗಿಸಬೇಕು. ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಈ ದಾಖಲೆಗಳನ್ನು ಕಾಪಾಡಬೇಕು. ಕೆಲಸ ಬಿಟ್ಟು ಹೋದವರ ಲ್ಯಾಪ್‌ಟಾಪಿನಲ್ಲಿ ಉಳಿದ ದತ್ತಾಂಶ ಆರು ವರ್ಷ ಯಾರ ಹೊಣೆ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು.

ಕಂಪನಿಯಾಗಿ ನೋಂದಣಿಯಾದ ಉದ್ದಿಮೆಗಳಿಗೆ ನಿಯಮ ಇನ್ನಷ್ಟು ಬಿಗಿ. 2022ರ ಆಗಸ್ಟ್‌ನ ತಿದ್ದುಪಡಿಯಂತೆ, ವಿದ್ಯುನ್ಮಾನ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ದಿನವೂ ಇಡಬೇಕು. 2023ರ ಏಪ್ರಿಲ್ 1ರಿಂದ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ಜಾಡನ್ನು ದಾಖಲಿಸುವ ಸೌಲಭ್ಯ ಕಡ್ಡಾಯ, ಅದನ್ನು ನಿಷ್ಕ್ರಿಯಗೊಳಿಸುವಂತಿಲ್ಲ. ಇಷ್ಟಿದ್ದರೂ ಎಲ್ಲರೂ ಒಂದೇ ಬಳಕೆದಾರ ಹೆಸರಿನಲ್ಲಿ ಪ್ರವೇಶಿಸುವುದಾದರೆ, ಆ ಜಾಡು ಬದಲಾವಣೆಯಾದ ವೇಳೆಯನ್ನು ತೋರಿಸೀತೇ ಹೊರತು ಮಾಡಿದವರನ್ನಲ್ಲ.

ಇಲ್ಲಿ ಸಿಬ್ಬಂದಿಯ ಹಿತವೂ ಅಡಗಿದೆ ಎಂಬುದನ್ನು ಮರೆಯಬಾರದು. ಹಣದ ವ್ಯತ್ಯಾಸ ಕಂಡುಬಂದಾಗ ಮೊದಲ ಅನುಮಾನ ಬೀಳುವುದು ದೂರದಲ್ಲಿ ಕುಳಿತು ಕೆಲಸ ಮಾಡುವವರ ಮೇಲೆ. ತಮ್ಮದೇ ಹೆಸರಿನ ಪ್ರವೇಶ, ತಮ್ಮ ಅಧಿಕಾರದ ಮಿತಿ, ತಾವು ಮಾಡಿದ ನಮೂದುಗಳ ಜಾಡು ಇದ್ದರೆ ಪ್ರಾಮಾಣಿಕರಿಗೆ ಅದೇ ರಕ್ಷಣೆ. ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್ ಕಳ್ಳನನ್ನು ಮರೆಮಾಡುತ್ತದೆ, ನಿರಪರಾಧಿಯನ್ನು ಕಟಕಟೆಗೆ ತರುತ್ತದೆ.

ಮನೆಯ ಕಂಪ್ಯೂಟರ್, ಕಾರ್ಖಾನೆಯ ಕೀಲಿ

ಮನೆಯ ಕಂಪ್ಯೂಟರಿನಲ್ಲಿ ಮಕ್ಕಳು ಆಟವಾಡುತ್ತಾರೆ, ಪರವಾನಗಿ ಇಲ್ಲದ ತಂತ್ರಾಂಶ ಇರುತ್ತದೆ, ಅತಿಥಿಗಳೂ ಅದೇ ವೈ-ಫೈ ಬಳಸುತ್ತಾರೆ. ಇಂಥ ಯಂತ್ರದ ಮೂಲಕ ರಾನ್ಸಮ್‌ವೇರ್ ಹೊಕ್ಕರೆ ದತ್ತಾಂಶವನ್ನೆಲ್ಲ ಬೀಗ ಹಾಕಿ ಹಣ ಕೇಳುತ್ತದೆ. ಬ್ಯಾಕಪ್ ಇದೆ ಎಂಬ ಸಮಾಧಾನವೂ ಆಗ ಸುಳ್ಳಾಗಬಹುದು. ಸದಾ ಜೋಡಿಸಿಟ್ಟ ಹಾರ್ಡ್‌ಡಿಸ್ಕಿನಲ್ಲಿರುವ ಪ್ರತಿಗೂ ಅದೇ ಬೀಗ ಬೀಳುತ್ತದೆ. ತಾನಾಗಿಯೇ ನಕಲಾಗುವ ಆನ್‌ಲೈನ್ ಸಂಗ್ರಹದಲ್ಲಿ ಕೆಟ್ಟ ಕಡತವು ಒಳ್ಳೆಯದರ ಜಾಗಕ್ಕೆ ಬಂದು ಕೂರಬಹುದು. ಆದ್ದರಿಂದ ಕನಿಷ್ಠ ಒಂದು ಪ್ರತಿಯಾದರೂ ಪ್ರತಿದಿನ ತೆಗೆದು ಕಳಚಿಡುವಂಥದ್ದಾಗಿರಬೇಕು. ದತ್ತಾಂಶವನ್ನು ಮನೆಗೆ ಒಯ್ಯುವುದಕ್ಕಿಂತ, ಸಂಸ್ಥೆಯೇ ಕೊಟ್ಟ ಲ್ಯಾಪ್‌ಟಾಪಿನಿಂದ ಒಂದೇ ಕಡೆ ಇರುವ ದತ್ತಾಂಶಕ್ಕೆ ಸಂಪರ್ಕ ಪಡೆಯುವುದು ಲೇಸು.

ತಯಾರಿಕಾ ಘಟಕಗಳಲ್ಲಿ ಇನ್ನೊಂದು ಆಸ್ತಿಯಿದೆ. ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ ಜಾಬ್‌ವರ್ಕ್ ಮಾಡುವ ಘಟಕದ ಬಳಿ ಇರುವ ನಕ್ಷೆಗಳು ಅನೇಕ ವೇಳೆ ಅದರ ಸ್ವಂತದ್ದಲ್ಲ, ಗ್ರಾಹಕರದು. ಗೋಪ್ಯತೆ ಕಾಪಾಡುವ ಕರಾರಿಗೆ ಸಹಿ ಹಾಕಿ ಪಡೆದವು. ನಕ್ಷೆಗಾರರು ಅವನ್ನು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ದು, ಸಂಜೆ ಇನ್ನೊಂದು ಘಟಕಕ್ಕೂ ಕೆಲಸ ಮಾಡಿಕೊಡುವವರಾದರೆ, ಕರಾರು ಮುರಿದ ಹೊಣೆ ಮಾಲೀಕರದೇ. ಸಿಎನ್‌ಸಿ ಯಂತ್ರದ ಪ್ರೋಗ್ರಾಂಗಳು ಆಪರೇಟರ್ ಒಬ್ಬರ ಬಳಿ ಮಾತ್ರ ಉಳಿದರೆ ಅವರು ರಜೆ ಹಾಕಿದ ದಿನ ಲಕ್ಷಾಂತರ ರೂಪಾಯಿಯ ಯಂತ್ರ ಸುಮ್ಮನೆ ನಿಲ್ಲುತ್ತದೆ.

ವೇಳೆ ಸಡಿಲವಾದಾಗ ಬಾಗಿಲಿನ ಭದ್ರತೆಯೂ ಬದಲಾಗುತ್ತದೆ. ಎಲ್ಲರೂ ಒಂಬತ್ತಕ್ಕೆ ಬಂದು ಆರಕ್ಕೆ ಹೋಗುತ್ತಿದ್ದಾಗ ಒಂದು ಜೊತೆ ಕೀಲಿ ಸಾಕಿತ್ತು. ಏಳಕ್ಕೆ ಒಬ್ಬರು, ಹತ್ತಕ್ಕೆ ಒಬ್ಬರು, ರಾತ್ರಿ ಎಂಟರವರೆಗೆ ಮತ್ತೊಬ್ಬರು ಎಂದಾದ ಮೇಲೆ ಕೀಲಿಗಳ ನಕಲು ಹೆಚ್ಚುತ್ತದೆ. ಕೊನೆಗೆ ಹೊರಟವರು ಯಾರು, ಮುಖ್ಯ ಸ್ವಿಚ್ ಆರಿಸಿದವರು ಯಾರು ಎಂಬುದು ಯಾರಿಗೂ ತಿಳಿಯದು. ವೇಳೆ ಮೀರಿ ಒಬ್ಬಂಟಿಯಾಗಿ ಪವರ್ ಪ್ರೆಸ್ ನಡೆಸುವ ಕಾರ್ಮಿಕನಿಗೆ ಗಾಯವಾದರೆ ನೋಡುವವರಿರುವುದಿಲ್ಲ. ಕೀಲಿ ಪಡೆದವರ ಮತ್ತು ಮರಳಿಸಿದವರ ವಹಿ ಇಡುವುದು, ಯಂತ್ರಗಳಿರುವ ಕಡೆ ಒಬ್ಬರನ್ನೇ ದುಡಿಯಲು ಬಿಡದಿರುವುದು ಇವು ಎಲ್ಲ ಘಟಕಗಳೂ ಪಾಲಿಸಬಹುದಾದ ಸಾಮಾನ್ಯ ಕ್ರಮಗಳು.

ವಿಮೆಯನ್ನೂ ಈ ದೃಷ್ಟಿಯಿಂದ ನೋಡಬೇಕು. ಬೆಂಕಿ ವಿಮೆಯ ರಕ್ಷಣೆ ಸಾಮಾನ್ಯವಾಗಿ ಪಾಲಿಸಿಯಲ್ಲಿ ನಮೂದಿಸಿದ ವಿಳಾಸದಲ್ಲಿರುವ ಆಸ್ತಿಗೆ. ಸಿಬ್ಬಂದಿಯ ಮನೆಯಲ್ಲಿರುವ ಸಂಸ್ಥೆಯ ಲ್ಯಾಪ್‌ಟಾಪು, ಬಸ್ಸಿನಲ್ಲಿ ಕಳೆದ ಸಾಧನ ಇವು ಅದರ ವ್ಯಾಪ್ತಿಗೆ ಬರುತ್ತವೆಯೇ ಎಂಬುದನ್ನು ನವೀಕರಣದ ವೇಳೆ ಕೇಳಿ ಬರಹದಲ್ಲಿ ಪಡೆಯುವುದು ಉಚಿತ.

ಎರಡು ಆಕ್ಷೇಪಣೆಗಳು

ಸಣ್ಣ ಉದ್ದಿಮೆ ನಡೆಯುವುದೇ ವಿಶ್ವಾಸದ ಮೇಲೆ, ಹನ್ನೆರಡು ವರ್ಷ ದುಡಿದವರ ಮುಂದೆ ನಿಯಮಪತ್ರ ಹಿಡಿದರೆ ಮನಸ್ಸು ಮುರಿಯುತ್ತದೆ ಎಂಬುದು ಮೊದಲನೆಯ ಆಕ್ಷೇಪಣೆ. ಇದರಲ್ಲಿ ಹುರುಳಿದೆ. ಆದರೆ ವಿಶ್ವಾಸ ಮತ್ತು ವ್ಯವಸ್ಥೆ ಪರಸ್ಪರ ವಿರೋಧಿಗಳಲ್ಲ. ಅಣ್ಣ ತಮ್ಮಂದಿರು ಪಾಲುದಾರರಾದರೂ ಪಾಲುದಾರಿಕೆ ಪತ್ರ ಬರೆಯುತ್ತಾರೆ. ಅದರಿಂದ ರಕ್ತಸಂಬಂಧಕ್ಕೆ ಕುಂದುಂಟಾಗುವುದಿಲ್ಲ. ನಿಯಮವನ್ನು ಮಾಲೀಕರು ಮೊದಲು ತಮಗೆ ಅನ್ವಯಿಸಿಕೊಂಡರೆ ಉಳಿದವರಿಗೆ ಅದು ಅವಮಾನವೆನಿಸದು. ಎಷ್ಟೋ ಕಡೆ ಬ್ಯಾಂಕಿನ ಅನುಮೋದನೆ ಮಾಲೀಕರೊಬ್ಬರ ಫೋನಿಗೆ ಮಾತ್ರ ಅಂಟಿಕೊಂಡಿದೆ. ಅವರೇ ಹಾಸಿಗೆ ಹಿಡಿದರೆ ಸಂಬಳದ ದಿನ ಸಂಬಳವಿಲ್ಲ.

ಒಂದು ಕೆಲಸಕ್ಕೆ ಇಬ್ಬರನ್ನು ಇಡುವ ಶಕ್ತಿ ಎಲ್ಲಿದೆ ಎಂಬುದು ಎರಡನೆಯದು. ಇಬ್ಬರಿಗೆ ಸಂಬಳ ಕೊಡಬೇಕೆಂದು ಯಾರೂ ಹೇಳುತ್ತಿಲ್ಲ. ಮಾರಾಟ ನೋಡುವವರು ಇ-ವೇ ಬಿಲ್ ಮಾಡಲು ಕಲಿಯುವುದು, ಉಗ್ರಾಣ ನೋಡುವವರು ಬಿಲ್ಲು ತೆಗೆಯಲು ಕಲಿಯುವುದು, ಮನೆಯ ಇನ್ನೊಬ್ಬ ಸದಸ್ಯರು ಅಥವಾ ಪಾಲುದಾರರು ಬ್ಯಾಂಕಿನ ಅನುಮೋದನೆಗೆ ಅಧಿಕಾರ ಪಡೆಯುವುದು ಇವಕ್ಕೆ ಬೇಕಾದುದು ತರಬೇತಿಯ ಕೆಲವು ಮಧ್ಯಾಹ್ನಗಳು. ಹೆಚ್ಚೆಂದರೆ ಒಂದೆರಡು ಲ್ಯಾಪ್‌ಟಾಪು, ಅಧಿಕೃತ ತಂತ್ರಾಂಶ, ಸಂಸ್ಥೆಯ ಹೆಸರಿನ ಒಂದು ಸಿಮ್. ತಡೆಹಿಡಿದ ಒಂದು ಲಾರಿಯ ದಂಡ ಇದಕ್ಕಿಂತ ಹೆಚ್ಚಾಗಬಹುದು.

ಎಲ್ಲ ಕೆಲಸವೂ ಸಡಿಲಿಕೆಗೆ ಒಗ್ಗುವುದಿಲ್ಲ ಎಂಬುದನ್ನೂ ಒಪ್ಪಬೇಕು. ರೋಕಡ, ಉಗ್ರಾಣದ ದಾಸ್ತಾನು, ಸರಕಿನ ಗುಣಮಟ್ಟದ ತಪಾಸಣೆ ಸ್ಥಳದಲ್ಲಿಯೇ ನಡೆಯಬೇಕು. ಅಂತೆಯೇ, ಮನೆಯಿಂದ ಕೆಲಸ ಎಂದರೆ ಇಪ್ಪತ್ತನಾಲ್ಕು ಗಂಟೆಯ ಕೆಲಸ ಎಂದು ತಿಳಿಯುವುದೂ ತಪ್ಪು. ರಾತ್ರಿ ಹನ್ನೊಂದಕ್ಕೆ ದಣಿದ ಕಣ್ಣಿನಿಂದ ಮಾಡಿದ ಪಾವತಿಯಲ್ಲಿ ಸೊನ್ನೆಯೊಂದು ಹೆಚ್ಚಾಗುವ ಸಂಭವ ಯಾವ ವಂಚಕನಿಗಿಂತಲೂ ಕಡಿಮೆಯದಲ್ಲ.

ಒಂದು ಹಾಳೆ, ಒಂದು ದಿನ

ಆರಂಭಕ್ಕೆ ಒಂದು ಹಾಳೆ ಸಾಕು. ಅದರಲ್ಲಿ ಮೂರು ಅಂಕಣಗಳು: ಕೆಲಸ, ಅದನ್ನು ಮಾಡುವವರು, ಅವರಿಲ್ಲದಾಗ ಮಾಡುವವರು. ಬಿಲ್ಲು, ಇ-ವೇ ಬಿಲ್ಲು, ಬ್ಯಾಂಕ್ ಪಾವತಿ, ಸಂಬಳ, ಜಿಎಸ್‌ಟಿ ರಿಟರ್ನ್, ಬ್ಯಾಕಪ್, ಬಾಗಿಲಿನ ಕೀಲಿ ಹೀಗೆ ಹತ್ತು ಹನ್ನೆರಡು ಸಾಲುಗಳಾಗುತ್ತವೆ. ಮೂರನೆಯ ಅಂಕಣದಲ್ಲಿ ಖಾಲಿ ಉಳಿದ ಜಾಗವೇ ಸಂಸ್ಥೆಯ ದೌರ್ಬಲ್ಯ. ನೋಂದಣಿಗಳಲ್ಲಿ ಇರುವ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ಸಂಸ್ಥೆಯ ಹೆಸರಿನಲ್ಲಿರಲಿ. ಪ್ರತಿಯೊಬ್ಬರಿಗೂ ಪ್ರತ್ಯೇಕ ಪ್ರವೇಶವಿರಲಿ. ಕೆಲಸ ಬಿಟ್ಟವರ ಪ್ರವೇಶವನ್ನು ಕೊನೆಯ ಸಂಬಳದ ಲೆಕ್ಕ ಚುಕ್ತಾ ಮಾಡುವ ದಿನವೇ ರದ್ದುಪಡಿಸಲಿ. ಮುಖ್ಯ ಪಾಸ್‌ವರ್ಡುಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಬ್ಯಾಂಕ್ ಲಾಕರಿನಲ್ಲಿಟ್ಟು, ಬದಲಾದಾಗಲೆಲ್ಲ ಲಕೋಟೆಯನ್ನೂ ಬದಲಿಸಲಿ.

ಆನಂತರ, ಮೂರು ತಿಂಗಳಿಗೊಮ್ಮೆ ಒಂದು ದಿನವನ್ನು ಪರೀಕ್ಷೆಗೆ ಮೀಸಲಿಡಬಹುದು. ಅಂದು ಅಕೌಂಟೆಂಟರಿಗೆ ಸಂಬಳಸಹಿತ ರಜೆ. ಫೋನಿನಲ್ಲಿ ಅವರನ್ನು ಕೇಳುವಂತಿಲ್ಲ. ಉಳಿದವರು ಒಂದು ಬಿಲ್ಲು ತೆಗೆಯಬೇಕು, ಒಂದು ಇ-ವೇ ಬಿಲ್ಲು ಮಾಡಬೇಕು, ಒಂದು ಪಾವತಿ ಪೂರೈಸಬೇಕು, ಹಿಂದಿನ ದಿನದ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಬಾಕಿಗಳು ತಾಳೆಯಾಗುತ್ತವೆಯೇ ನೋಡಬೇಕು. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಇನ್ನೊಂದು ತ್ರೈಮಾಸಿಕದಲ್ಲಿ ಅದೇ ರಜೆಯನ್ನು ಮಾಲೀಕರು ತೆಗೆದುಕೊಳ್ಳಲಿ.

ಆ ದಿನ ಸಂಜೆಯ ಹೊತ್ತಿಗೆ ಲಾರಿ ಹೊರಟಿದ್ದರೆ, ಸಿಬ್ಬಂದಿ ಮನೆಯಲ್ಲಿ ಕುಳಿತು ಕೆಲಸ ಮಾಡಿದರೂ ಅಂಗಡಿಯಲ್ಲಿ ಕುಳಿತು ಮಾಡಿದರೂ ಆ ಸಂಸ್ಥೆ ಸುಭದ್ರ. ಲಾರಿ ನಿಂತೇ ಇದ್ದರೆ ತಿದ್ದಿಕೊಳ್ಳಬೇಕಾದುದು ಯಾವುದೆಂಬುದು ಅಪಘಾತವಿಲ್ಲದೆ, ದಂಡವಿಲ್ಲದೆ ತಿಳಿದಂತಾಯಿತು. ಈ ಪರೀಕ್ಷೆಯ ವೆಚ್ಚ ಒಂದು ದಿನದ ಸಂಬಳ ಮಾತ್ರ.